ಡ್ರೈವರ್ ಮಾಮ ಅಳಿಸಿದ ಗೆರೆ

ಹಕ್ಕಿಯ ಹಿಕ್ಕೆ ಬಿದ್ದು ಕಾರಿನ ಬಾನೆಟ್ ಮೇಲೆ ಮಾಸಲು ಕಲೆಯಾಗಿತ್ತು. ತೊಳೆದರೂ ಹೋಗಲಿಲ್ಲ. ಹರಿಹರದ ನಮ್ಮ ಮನೆ ಮುಂದಿನ ಹೊಂಗೆಮರ ನೆರಳು ಕೊಡುತ್ತದೆ, ಜೊತೆಗೆ ಇದನ್ನೂ ಕೊಡುತ್ತದೆ. ಮೊನ್ನೆ ಭಾನುವಾರ ಬೆಳಗ್ಗೆ, ತಂದಿಟ್ಟು ಎಷ್ಟೋ ದಿನವಾಗಿದ್ದ ವ್ಯಾಕ್ಸ್ ಡಬ್ಬಿಯ ಮುಚ್ಚಳವನ್ನು ಚಮಚದ ಹಿಡಿಯಿಂದ ಮೀಟಿ ತೆಗೆದೆ. ಒಳಗಿಂದ ವಾಸನೆ ಎದ್ದಿತು. ಸೀಮೆಎಣ್ಣೆಗೆ ಕಳಿತ ಬಾಳೆಹಣ್ಣು ಬೆರೆಸಿದಂಥ, ಸ್ವಲ್ಪ ತಲೆಗೇರುವ ವಾಸನೆ... ಕೈಯಲ್ಲಿ ಬಟ್ಟೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಈ ವಾಸನೆಯನ್ನು ನನಗೆ ಪರಿಚಯ ಮಾಡಿಸಿದವರು ದಾವಣಗೆರೆಯ ನಮ್ಮ ಮನೆ ಓನರು. ಬೀದಿಗೆಲ್ಲ ಅವರು ಡ್ರೈವರ್ ಮಾಮ. ನನಗೂ ಹಾಗೇ ಆದರು.

ಆಗ ನಾನು ದಾವಣಗೆರೆಯಲ್ಲಿ ಒಂದು ಸಣ್ಣ ಸರ್ಕಾರಿ ಕೆಲಸದಲ್ಲಿದ್ದೆ. ಶಾಮನೂರಿನ ಕಡೆಯ ಹೊಸ ಬಡಾವಣೆಯಲ್ಲಿ ಮಾಮನ ಮನೆ. ಕೆಳಗೆ ಮಾಮ ಮತ್ತು ಅವರ ಹೆಂಡತಿ, ಮೇಲೆ ನಾನೊಬ್ಬಳೇ. ಅವರ ಹೆಂಡತಿಯನ್ನು ನಾನು ಅತ್ತೆ ಎನ್ನುತ್ತಿದ್ದೆ. ಮಾಮ ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ಅವರ ನಡುಮನೆಯ ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಒಂದು ಬೆಳ್ಳಿ ಪದಕ ಇತ್ತು. ವರ್ಷಗಟ್ಟಲೆ ಒಂದೂ ಅಪಘಾತ ಮಾಡದ ಚಾಲಕರಿಗೆ ಕೊಡುವಂಥದ್ದು. ಬಂದವರಿಗೆ ಮಾಮ ಅದನ್ನು ತೋರಿಸುತ್ತಿರಲಿಲ್ಲ. ಆದರೆ ಬಂದವರನ್ನು ಕೂಡಿಸುವಾಗ ಮಾತ್ರ ಅದು ಎದುರಿಗೆ ಕಾಣುವ ಕುರ್ಚಿಯನ್ನೇ ತೋರಿಸುತ್ತಿದ್ದರು. ಅತ್ತೆ ಒಳಗಿನಿಂದಲೇ ನಗುತ್ತಿದ್ದರು.

ನಿವೃತ್ತಿಯಾದ ಮೇಲೆ ಮಾಮ ಒಂದು ಹಳೆಯ ಕಾರು ಕೊಂಡಿದ್ದರು. ಕಡು ಮರೂನ್ ಬಣ್ಣ. ತಂದಾಗ ಅದರ ಮೈಯೆಲ್ಲ ಬಿಳಿಚಿಕೊಂಡು, ಬಿಸಿಲಿಗೆ ಇಟ್ಟ ಕುಂಕುಮದ ಹಾಗಿತ್ತಂತೆ. ಮಾಮ ಅದನ್ನು ಗ್ಯಾರೇಜಿಗೆ ಒಯ್ಯಲಿಲ್ಲ. ಫೋನಿನಲ್ಲಿ ಹಿಂದಿ ವಿಡಿಯೋ ಹಾಕಿಕೊಂಡು, ಅರ್ಧ ಅರ್ಥವಾಗಿ ಅರ್ಧ ಆಗದೆ, ಪಿ.ಬಿ. ರಸ್ತೆಯ ಅಂಗಡಿಯಿಂದ ಗೀರು ಅಳಿಸುವ ರಬ್ಬಿಂಗ್ ಕಾಂಪೌಂಡ್, ವ್ಯಾಕ್ಸ್ ಎಲ್ಲ ತಂದು, ಕೈಯಿಂದಲೇ ಉಜ್ಜಿ ಉಜ್ಜಿ ಬಣ್ಣ ಹೊರಗೆ ತಂದಿದ್ದರು. ನಾನು ಬಾಡಿಗೆಗೆ ಬರುವ ಹೊತ್ತಿಗೆ ಆ ಕಾರು ತೊಳೆದ ದಾಳಿಂಬೆಯ ಹಾಗೆ ಹೊಳೆಯುತ್ತಿತ್ತು.

ಭಾನುವಾರ ಬೆಳಗ್ಗೆ ಬಿಸಿಲು ಏರುವ ಮೊದಲು ಮಾಮ ಬನಿಯನ್ನು, ಪಟ್ಟಾಪಟ್ಟಿ ಚಡ್ಡಿಯಲ್ಲಿ ಪೋರ್ಟಿಕೋಗೆ ಇಳಿಯುತ್ತಿದ್ದರು. ಕಾಫಿ ಲೋಟ ಹಿಡಿದು ಮೇಲಿನಿಂದ ನೋಡುತ್ತ ನಿಂತಿರುತ್ತಿದ್ದ ನನ್ನನ್ನು ಒಂದು ದಿನ ಅವರೇ ಕರೆದರು.

“ಅಲ್ಲಿಂದ ಏನು ನೋಡ್ತೀಯವ್ವ, ಕೆಳಗೆ ಬಾ. ಕೈ ಹಾಕಿದ್ರೆ ಗೊತ್ತಾಗ್ತೈತೆ.”

ಹಾಗೆ ಶುರುವಾಯಿತು. ತೊಳೆದು ಒರೆಸಿದ ಬಾನೆಟ್ಟಿನ ಮೇಲೆ, ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರಲು ಹೇಳಿದರು. ಬರಿಗೈಗೆ ನುಣ್ಣಗಿದ್ದ ಜಾಗ ಚೀಲದೊಳಗಿನ ಬೆರಳಿಗೆ ಉಪ್ಪು ಚೆಲ್ಲಿದ ಹಾಗೆ ತರಿತರಿ ಎನ್ನುತ್ತಿತ್ತು. ಅಕ್ಕಿ ಗಿರಣಿಗಳ ಬೂದಿ, ರಸ್ತೆಯ ಡಾಂಬರಿನ ಚುಕ್ಕೆ, ಎಲ್ಲ ಬಣ್ಣಕ್ಕೆ ಅಂಟಿ ಕೂತಿರುತ್ತಿದ್ದವು. ಅದನ್ನೆಲ್ಲ ಬಿಡಿಸಿದ ಮೇಲೆ, ಮಡಿಸಿದ ಹಳೇ ಬನಿಯನ್ನಿಗೆ ಕಾಂಪೌಂಡು ಬೆರಳಷ್ಟು ಹಚ್ಚಿ ಗೆರೆ ಬಿದ್ದ ಕಡೆ ಉಜ್ಜಬೇಕು. ಸುತ್ತುಸುತ್ತಾಗಿ ಅಲ್ಲ, ನೇರವಾಗಿ. ಜಾಸ್ತಿ ಒತ್ತಿದರೆ ಬಣ್ಣದ ಮೇಲಿನ ತಿಳಿ ಪದರವೇ ಹೋಗಿ ಕೆಳಗಿನ ಬಿಳಿ ಕಾಣುತ್ತದೆ. ಕೊನೆಗೆ ವ್ಯಾಕ್ಸು. ಅದನ್ನು ತೆಳ್ಳಗೆ ಸವರಿ, ಮಂಜು ಕಟ್ಟಿದ ಹಾಗೆ ಮಸುಕಾಗುವವರೆಗೆ ಕಾಯಬೇಕು.

“ಹಚ್ಚೋದು ಕಡಿಮಿ, ಒರೆಸೋದು ಜಾಸ್ತಿ,” ಎನ್ನುತ್ತಿದ್ದರು ಮಾಮ. ಅತ್ತೆ ಬಾಗಿಲಲ್ಲಿ ನಿಂತು, “ನನ್ನ ಮೊಣಕಾಲಿಗೆ ಎಣ್ಣೆ ಹಚ್ರಿ ಅಂದ್ರೆ ಕೈ ನೋಯ್ತೈತಿ ಇವರಿಗೆ,” ಎಂದು ರೇಗಿಸುತ್ತಿದ್ದರು. ಮಾಮ ನಗುತ್ತಿದ್ದರು, ಉಜ್ಜುವುದನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ. ಒಮ್ಮೆ ನಾನು, ಇಷ್ಟೇಕೆ ಮಾಮ ಇದರ ಮೇಲೆ ಎಂದು ಕೇಳಿದ್ದೆ. ಅವರು ಬಟ್ಟೆ ಕೊಡವಿ, “ಅಷ್ಟು ವರ್ಷ ಓಡಿಸಿದ್ದೆಲ್ಲ ಡಿಪೋದ್ದು. ಇದೊಂದು ನಂದು,” ಎಂದರು. ಹೇಳುವಾಗ ಬಾಗಿಲಿನ ಮೇಲೆ ಅಂಗೈ ಇಟ್ಟಿದ್ದರು, ಎತ್ತಿನ ಮೈ ಮೇಲೆ ಇಡುವ ಹಾಗೆ.

ಒಂದು ಅಮಾವಾಸ್ಯೆಯ ದಿನ ಕಡರನಾಯಕನಹಳ್ಳಿಯಲ್ಲಿ ಅವರ ನೆಂಟರ ಮನೆಯಲ್ಲಿ ಹಿರಿಯರ ಪೂಜೆಯಿತ್ತು. ಅತ್ತೆಗೆ ಮೊಣಕಾಲು ನೋವು ಹೆಚ್ಚಾಗಿ ಮಾಮ ಒಬ್ಬರೇ ಕಾರಿನಲ್ಲಿ ಹೋದರು. ಸಂಜೆ ನಾನು ಕಚೇರಿಯಿಂದ ಬರುವಾಗ ಕಾರು ಪೋರ್ಟಿಕೋದಲ್ಲಿತ್ತು. ಎಡಗಡೆ, ಮುಂದಿನ ಚಕ್ರದ ಮೇಲಿನಿಂದ ಹಿಡಿದು ಬಾಗಿಲಿನ ಅರ್ಧದವರೆಗೆ ಉದ್ದಕ್ಕೆ ಗೀರು. ಬಿಳಿ ಗೀರಿನ ನಡುವೆ ನೀಲಿ ಬಣ್ಣ ಮೆತ್ತಿಕೊಂಡಿತ್ತು. ಮಾಮ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು.

“ಅಯ್ಯೋ, ಏನಾಯ್ತು ಮಾಮ?”

“ಗೇಟಿಗೆ ತಾಗ್ತು,” ಎಂದರು, ತಲೆ ಎತ್ತದೆ. “ನೆಂಟರ ಮನೆ ಗೇಟಿಗೆ.”

ಆ ರಾತ್ರಿ ಅವರು ಊಟ ಮಾಡಲಿಲ್ಲವೆಂದು ಮರುದಿನ ಅತ್ತೆ ಹೇಳಿದರು. ಕಾರಿಗೆ ಗೀರು ಬಿದ್ದರೆ ಊಟ ಬಿಡುವ ಜನ ಇವರೊಬ್ಬರೇ ಎಂದು ನಾವಿಬ್ಬರೂ ನಕ್ಕೆವು. ಈಗ ಆ ನಗೆ ನೆನೆದರೆ...

ಮಾಮ ಪೋರ್ಟಿಕೋಗೆ ಎಡಗಡೆಯಿಂದ ಹಳೇ ಚಾದರ ಕಟ್ಟಿದರು. ಬಿಸಿಲು ಬೀಳಬಾರದು ಎಂದರು. ರಸ್ತೆಯಲ್ಲಿ ಹೋಗುವವರಿಗೂ ಏನೂ ಕಾಣುತ್ತಿರಲಿಲ್ಲ. ಎದುರುಮನೆಯವರು, ಗ್ಯಾರೇಜಿಗೆ ಕೊಟ್ಟರೆ ಎರಡು ದಿನದ ಕೆಲಸವಲ್ಲವೇ ಎಂದಿದ್ದಕ್ಕೆ, ನನ್ನ ಗಾಡಿಗೆ ಬೇರೆಯವರ ಕೈ ಬ್ಯಾಡ ಎಂದುಬಿಟ್ಟರು. ಮೊದಲು ನೀಲಿಯನ್ನು ತೆಗೆದರು. ಆಮೇಲೆ ಬಿಳಿ ಕಂಡ ಕಡೆಯೆಲ್ಲ ಸಣ್ಣ ಕುಂಚದಲ್ಲಿ ಮರೂನ್ ಬಣ್ಣ ಇಟ್ಟರು, ಒಣಗಲು ಬಿಟ್ಟರು, ಮತ್ತೆ ಇಟ್ಟರು. ಒಣಗಿ ಗಟ್ಟಿಯಾದ ಮೇಲೆ ಅತಿ ನುಣುಪಿನ ಉಜ್ಜುಕಾಗದವನ್ನು ಸೋಪಿನ ನೀರಲ್ಲಿ ಅದ್ದಿ, ಎದ್ದುಕಂಡ ಬಣ್ಣವನ್ನು ಸುತ್ತಲಿನ ಮಟ್ಟಕ್ಕೆ ಇಳಿಸಿದರು. ನಾನು ಕಚೇರಿಗೆ ಹೋಗುವಾಗಲೂ ಚಾದರದ ಹಿಂದೆ ಆ ಸರಸರ ಸದ್ದು, ಬರುವಾಗಲೂ ಅದೇ ಸದ್ದು. ಬೆರಳ ತುದಿಗಳು ನೀರಲ್ಲಿ ನೆನೆದು ಸುಕ್ಕಾಗಿದ್ದವು.

ಭಾನುವಾರ ನಾನು ಕೆಳಗಿಳಿದೆ. ಗೀರು ಬಹುತೇಕ ಹೋಗಿತ್ತು. ಇನ್ನು ಪಾಲಿಶ್, ವ್ಯಾಕ್ಸು ಮಾತ್ರ ಬಾಕಿ. ಸಹಾಯಕ್ಕೆಂದು ನಾನು ಬಾನೆಟ್ ಎತ್ತಿ, ಗಾಜಿನ ಕೆಳಗಿನ ಸಂದಿಯಲ್ಲಿ ಸೇರಿಕೊಂಡ ಎಲೆ ಕಸ ತೆಗೆಯುತ್ತಿದ್ದೆ. ಎಲೆಗಳ ಜೊತೆ ಬೆಳ್ಳಗಿನ ಏನೋ ಬೆರಳಿಗೆ ಸಿಕ್ಕಿತು. ಮಂಡಕ್ಕಿ. ಒಂದಲ್ಲ, ಒಂದು ಹಿಡಿಯಾಗುವಷ್ಟು.

“ಇಲ್ಲೆಲ್ಲಿಂದ ಬಂತು ಮಾಮ ಮಂಡಕ್ಕಿ? ಕಾರಿಗೂ ತಿನ್ನಿಸಿದ್ರಾ?” ಎಂದೆ, ತಮಾಷೆಗೆ.

ಸರಸರ ಸದ್ದು ನಿಂತಿತು. ಮಾಮ ನನ್ನ ಅಂಗೈಯನ್ನು ನೋಡಿದರು. ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು.

“ಗೇಟಲ್ಲ ಕಣವ್ವ,” ಎಂದರು.

ಆಮೇಲೆ ಹೇಳಿದ್ದನ್ನು ಅವರು ನನಗೆ ಹೇಳಿದರೋ ನೆಲಕ್ಕೆ ಹೇಳಿದರೋ ಗೊತ್ತಿಲ್ಲ. ಕಡರನಾಯಕನಹಳ್ಳಿಯಿಂದ ಹೊರಟು ಹರಿಹರದ ಕಡೆ ಬರುತ್ತಿದ್ದರು. ಮುಂದೆ ಮೊಪೆಡ್ಡಿನ ಮೇಲೆ ಒಬ್ಬ ಮನುಷ್ಯ, ಹಿಂದೆ ಎರಡೂ ಕಡೆಗೆ ಚಾಚಿಕೊಂಡ ಮಂಡಕ್ಕಿ ಚೀಲ. ಅವನನ್ನು ದಾಟುವಾಗ ಎದುರಿಗೆ ಬಸ್ಸು ಬಂತು. ಮಾಮ ಕಾರನ್ನು ಎಡಕ್ಕೆ ಎಳೆದುಕೊಂಡರು. ಕರ್ ಅಂತ ಸದ್ದಾಯಿತು. ಚೀಲ ಒಡೆದು ಮಂಡಕ್ಕಿ ಗಾಜಿನ ಮೇಲೆಲ್ಲ ಹಾರಿತು.

“ನಿಲ್ಲಿಸಲಿಲ್ಲವಾ?”

“ಕಾಲು ಬ್ರೇಕಿನ ಮೇಲೇ ಇತ್ತವ್ವ. ಒತ್ತಲಿಲ್ಲ.” ಕೈಯಲ್ಲಿದ್ದ ಉಜ್ಜುಕಾಗದವನ್ನು ಮಡಿಸಿದರು. “ಕನ್ನಡೀಲಿ ನೋಡಿದೆ. ರೋಡೆಲ್ಲ ಬೆಳ್ಳಗಾಗಿತ್ತು. ಅವನು ಎದ್ದಂಗೆ ಕಂಡ್ತು. ಎದ್ದ, ಏನೂ ಆಗಿಲ್ಲ ಅಂದ್ಕೊಂಡೆ. ಅಷ್ಟರಾಗೆ ತಿರುವು ಬಂತು. ಆ ಪದಕ... ಅದು ಯಾಕೆ ಆ ಹೊತ್ತಿನಾಗೆ ಕಣ್ಣ ಮುಂದೆ ಬರಬೇಕು ಹೇಳು...”

ಹಿಂದೆ ಲೋಟದ ಸದ್ದಾಯಿತು. ಅತ್ತೆ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಲೋಟಗಳನ್ನು ಕಿಟಕಿಯ ಮೇಲಿಟ್ಟರು. ಬೈಯುತ್ತಾರೆ, ಅಳುತ್ತಾರೆ ಎಂದುಕೊಂಡೆ. ಎರಡೂ ಮಾಡಲಿಲ್ಲ.

“ಏಳ್ರಿ, ಅಂಗಿ ಹಾಕ್ಕೊಳ್ರಿ,” ಎಂದರು. “ಅವನು ಎಲ್ಲಿದಾನೋ ಹುಡುಕಾನ. ನೀನೂ ಬಾರವ್ವ.”

ಮೂವರೂ ಅದೇ ಕಾರಿನಲ್ಲಿ ಹೊರಟೆವು. ಆ ತಿರುವಿನ ಹತ್ತಿರ ಒಂದು ಚಹಾದ ಅಂಗಡಿ ಇತ್ತು. ಅಮಾವಾಸ್ಯೆ ದಿನ ಮಂಡಕ್ಕಿಯವರು ಒಬ್ಬರು ಬಿದ್ದಿದ್ದರಲ್ಲ ಎಂದು ನಾನು ಕೇಳಿದೆ. ಅಂಗಡಿಯವರು ಕೂಡಲೇ ಹೇಳಿದರು: ಉಕ್ಕಡಗಾತ್ರಿ ಗುಡಿಯ ಹತ್ತಿರ ಅಮಾವಾಸ್ಯೆ ವ್ಯಾಪಾರಕ್ಕೆ ಹೋಗಿ, ಉಳಿದ ಮಂಡಕ್ಕಿ ಹೇರಿಕೊಂಡು ವಾಪಸ್ಸು ಬರುತ್ತಿದ್ದವರು, ಹರಿಹರದವರು, ಕೈ ಮುರಿದಿದೆ, ಹಾಲಿನ ಗಾಡಿಯವರು ಆಸ್ಪತ್ರೆಗೆ ಒಯ್ದರು. ಮಾಮ ಕಾರಿನಿಂದ ಇಳಿದಿರಲಿಲ್ಲ. ಜೀವಕ್ಕೇನೂ ಆಗಿಲ್ಲ ಎಂದು ನಾನು ಬಂದು ಹೇಳಿದಾಗ ಸ್ಟೇರಿಂಗಿನ ಮೇಲೆ ಹಣೆ ಇಟ್ಟರು.

ಹರಿಹರದ ಒಂದು ಇಕ್ಕಟ್ಟಿನ ಗಲ್ಲಿಯಲ್ಲಿ ಮನೆ ಸಿಕ್ಕಿತು. ಕಾರನ್ನು ಗಲ್ಲಿಯ ಬಾಯಲ್ಲೇ ನಿಲ್ಲಿಸಬೇಕಾಯಿತು. ಆ ಮನುಷ್ಯ ಕಟ್ಟೆಯ ಮೇಲೆ ಕೂತಿದ್ದರು. ಐವತ್ತು ದಾಟಿದ ವಯಸ್ಸು, ನೆರೆತ ಗಡ್ಡ, ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್. ಆಮೇಲೆ ನಾನು ಅವರನ್ನು ಚಾಚಾ ಎಂದು ಕರೆಯತೊಡಗಿದೆ. ಅಪರಿಚಿತರು ಬಂದರೆಂದು ಎಡಗೈಯಲ್ಲೇ ಕಟ್ಟೆ ಕೊಡವಿ, “ಬರ್ರಿ, ಕೂಡ್ರಿ,” ಎಂದರು.

ಮಾಮ ಕೈಮುಗಿದರು. ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಚಾಚಾನ ಹೆಂಡತಿ ನೀರು ತಂದರು. ಕೈಗೆ ಏನಾಯಿತು ಎಂದು ನಾವು ಕೇಳಲು ಬಂದಿದ್ದೇವೆ ಅಂತಲೇ ಅವರು ತಿಳಿದುಕೊಂಡರು. “ಯಾವನೋ ಕಾರಿನವನು ಹೊಡ್ದು ಓಡಿಹೋದ ನೋಡ್ರಿ. ಹಿಂದಕ್ಕೆ ತಿರುಗಿ ಸೈತ ನೋಡಲಿಲ್ಲ. ಧೂಳಿನಾಗೆ ಗಾಡಿ ಬಣ್ಣನೂ ಇವರಿಗೆ ಕಾಣಲಿಲ್ಲ. ನಾಯಿ ಬಿದ್ರೂ ಜನ ನಿಲ್ತಾರೆ,” ಎಂದು ಸೆರಗಿನಿಂದ ಕಣ್ಣೊತ್ತಿಕೊಂಡರು.

ಮಾಮನ ಬಾಯಲ್ಲಿದ್ದ ಮಾತು ಬೇರೆಯೇ ಆಯಿತು. “ನಾವು... ಅವತ್ತು ಆ ಕಡೆ ಹೋಗಿದ್ವಿ. ಚಹಾದಂಗಡೀಲಿ ಹೇಳಿದ್ರು. ಏನಾದ್ರೂ ಬೇಕಿತ್ತೇನೋ ಅಂತ...”

ಅತ್ತೆ ಮಾಮನ ಕಡೆ ನೋಡಿದ ನೋಟ ನನಗೆ ಇನ್ನೂ ನೆನಪಿದೆ. ವಾಪಸ್ಸು ದಾವಣಗೆರೆಗೆ ಬಂದು ಮನೆ ಮುಂದೆ ಇಳಿಯುವಾಗ ಅತ್ತೆ, “ಹೇಳಾಕೆ ಅಂತ ಹೋದೋರು ಕೇಳಿ ಬಂದ್ರಿ,” ಎಂದಷ್ಟೇ ಹೇಳಿದರು.

“ಮುಂದಿನ ಸಲ ಹೇಳ್ತೀನಿ,” ಎಂದರು ಮಾಮ.

ಮುಂದಿನ ಸಲವೂ ಹೇಳಲಿಲ್ಲ. ಅದರ ಮುಂದಿನ ಸಲವೂ ಇಲ್ಲ. ಆದರೆ ಹೋಗುವುದನ್ನು ತಪ್ಪಿಸಲಿಲ್ಲ. ಒಮ್ಮೆ ಅಕ್ಕಿ ಒಯ್ದರು, ಒಮ್ಮೆ ಅತ್ತೆ ಮಾಡಿದ ಶೇಂಗಾ ಹೋಳಿಗೆ ಒಯ್ದರು. ಕೈ ತೋರಿಸಲು ಚಾಚಾನನ್ನು ದಾವಣಗೆರೆಯ ಮೂಳೆ ಡಾಕ್ಟರ ಹತ್ತಿರ ತಾವೇ ಕರೆತಂದು ತಾವೇ ಬಿಟ್ಟುಬರುತ್ತಿದ್ದರು. ಕಾರಿನಲ್ಲಿ ಇಬ್ಬರಿಗೂ ಮಾತು ಬೆಳೆಯಿತು. ಚಾಚಾ ಹಿಂದೆಲ್ಲ ಮಾಮ ಓಡಿಸುತ್ತಿದ್ದ ಬಸ್ಸಿನಲ್ಲಿ ಮಂಡಕ್ಕಿ ಚೀಲ ಹಾಕಿಕೊಂಡು ಊರೂರಿಗೆ ಹೋಗುತ್ತಿದ್ದರಂತೆ. “ಕಂಡಕ್ಟರು ಇಳಸ್ತೀನಿ ಅಂದ್ರೆ ನೀವೇ ಬ್ಯಾಡ ಬಿಡು ಅಂತಿದ್ರಿ, ನೆನಪೈತಾ?” ಎಂದು ಚಾಚಾ ಕೇಳಿದಾಗ ಮಾಮನಿಗೂ ನೆನಪಾಗಿ ಇಬ್ಬರೂ ನಕ್ಕರಂತೆ. ಆ ದಿನ ಮಾಮ ಮನೆಗೆ ಬಂದವರು ಚಪ್ಪಲಿ ಬಿಡದೆ ಹೊರಗೇ ಕೂತಿದ್ದರು. “ಒಳ್ಳೆ ಮನುಷ್ಯ ಇದ್ದಾನೆ ಕಣೇ,” ಎಂದು ಅತ್ತೆಗೆ ಹೇಳಿದರು. ಕೆಟ್ಟವನಾಗಿದ್ದರೆ ಸುಲಭವಿತ್ತು ಎನ್ನುವ ಹಾಗಿತ್ತು ಆ ದನಿ.

ಇದೆಲ್ಲದರ ನಡುವೆ ಒಂದು ದಿನ ನಾನೂ ಜೊತೆಗಿದ್ದೆ. ಡಾಕ್ಟರ ಹತ್ತಿರ ಹೋಗಲು ಚಾಚಾ ಗಲ್ಲಿಯಿಂದ ಬಂದರು. ಕಾರು ಹತ್ತುವ ಮೊದಲು ಎಡಗಡೆಯ ಬಾಗಿಲಿನ ಮುಂದೆ ನಿಂತುಬಿಟ್ಟರು. ಮಾಮ ಆ ವಾರವೂ ವ್ಯಾಕ್ಸ್ ಹಚ್ಚಿದ್ದರು. ಬಾಗಿಲಿನಲ್ಲಿ ಗಲ್ಲಿಯ ಗೋಡೆ, ಮೇಲಿನ ತಂತಿ, ಚಾಚಾನ ಗಡ್ಡ ಎಲ್ಲ ನೀರಲ್ಲಿ ಕಂಡ ಹಾಗೆ ಕಾಣುತ್ತಿತ್ತು. ಚಾಚಾ ಎಡಗೈಯಿಂದ ಅದನ್ನು ಮೆಲ್ಲಗೆ ಸವರಿದರು.

“ಏನು ಚಮಕ್ ಸಾಹೇಬ್ರೆ! ಕನ್ನಡಿ ಇದ್ದಂಗೈತೆ. ಹಳೇದು ಅಂದ್ರೆ ಯಾರು ನಂಬ್ತಾರ್ರಿ? ನಿಮ್ಮ ಕೈಯಾಗೆ ಬರ್ಕತ್ ಐತೆ ಬಿಡ್ರಿ.”

ಮಾಮ ಕಾರಿನ ಆಚೆ ಪಕ್ಕದಲ್ಲಿ ಬೀಗದ ಕೈ ಹಿಡಿದು ನಿಂತಿದ್ದರು. ಅವರ ತುಟಿ ಅಲುಗಿತು. ಈಗ ಹೇಳುತ್ತಾರೆ ಎಂದುಕೊಂಡೆ. “ಹತ್ರಿ ಭಾಯ್, ಹೊತ್ತಾತು,” ಎಂದರು.

ಅದರ ನಂತರ ಅವರು ಕಾರಿಗೆ ವ್ಯಾಕ್ಸ್ ಹಚ್ಚಿದ್ದನ್ನು ನಾನು ನೋಡಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ದಿನ ಬಂತು. ಮುಂಗೈ ಪೂರ್ತಿ ತಿರುಗುವುದಿಲ್ಲ, ವ್ಯಾಯಾಮ ಮಾಡಿದರೂ ಇಷ್ಟೇ ಎಂದು ಡಾಕ್ಟರು ಹೇಳಿದರು. ಅವತ್ತು ನನಗೂ ಹರಿಹರದ ಕಚೇರಿಯಲ್ಲಿ ಕೆಲಸವಿದ್ದುದರಿಂದ ಅವರ ಜೊತೆಗೇ ಕಾರಿನಲ್ಲಿ ಹೊರಟಿದ್ದೆ. ದಾರಿಯುದ್ದಕ್ಕೂ ಚಾಚಾ ಬಲಗೈಯನ್ನು ಗಾಳಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಮೊಪೆಡ್ಡಿನ ಆಕ್ಸಿಲರೇಟರ್ ತಿರುಗಿಸುವ ಹಾಗೆ. ಅರ್ಧಕ್ಕೆ ಬಂದು ಕೈ ನಿಲ್ಲುತ್ತಿತ್ತು.

“ಗಾಡಿ ಓಡಸಾಕೆ ಆಗಂಗಿಲ್ಲ ಅನ್ಸತೈತೆ,” ಎಂದರು, ತಮಗೇ ಹೇಳಿಕೊಂಡ ಹಾಗೆ.

ಮಾಮ ಕಾರನ್ನು ರಸ್ತೆ ಪಕ್ಕ ನಿಲ್ಲಿಸಿದರು. ಇಳಿದು ಸುತ್ತಿ ಬಂದು ಎಡಗಡೆಯ ಬಾಗಿಲು ತೆರೆದು ಚಾಚಾನನ್ನು ಇಳಿಸಿದರು. ಬಾಗಿಲು ಮುಚ್ಚಿ, ಅದರ ಮೇಲೆ ಕೈ ಇಟ್ಟರು.

“ಭಾಯ್, ನಿಮಗೆ ಹೊಡೆದಿದ್ದು ಈ ಗಾಡಿ. ನಿಮ್ಮ ಹ್ಯಾಂಡಲ್ಲು ತಾಗಿದ್ದು ಇಲ್ಲಿ. ಇಲ್ಲಿಂದ ಇಲ್ಲೀವರೆಗೆ. ಓಡಿಸಿದ್ದು ನಾನು.”

ಚಾಚಾ ಬಾಗಿಲು ನೋಡಿದರು. ಬಗ್ಗಿ ನೋಡಿದರು. ಬೆರಳಿಂದ ಮುಟ್ಟಿಯೂ ನೋಡಿದರು. ಆಮೇಲೆ ಸಣ್ಣಗೆ ನಕ್ಕರು.

“ಏನು ತಮಾಷೆ ಮಾಡ್ತೀರಿ ಸಾಹೇಬ್ರೆ. ಇಲ್ಲಿ ಏನೂ ಇಲ್ಲವಲ್ರಿ.”

“ಇತ್ತು. ನಾನೇ ಉಜ್ಜಿ ತೆಗೆದೆ. ನಿಮ್ಮ ಗಾಡೀದು ನೀಲಿ ಬಣ್ಣ, ಅದನ್ನೂ ತೆಗೆದೆ.”

ಮಾಮ ಆ ಬಾಗಿಲಿನ ಮೇಲೆ ಬೆರಳಿಂದ ಗೆರೆ ಎಳೆದು ತೋರಿಸುತ್ತಿದ್ದರು, ಇಲ್ಲದ್ದನ್ನು. ನಾನು ಹಿಂದಿನ ಸೀಟಿನಲ್ಲಿ ಗಾಜಿನಾಚೆಗೆ ಆ ಬೆರಳನ್ನು ನೋಡುತ್ತ ಕೂತಿದ್ದೆ. ಅಷ್ಟು ಚೆನ್ನಾಗಿ ಅಳಿಸಿದ್ದರು. ಈಗ ನಿಜ ಹೇಳಲು ಹೋದರೆ ತೋರಿಸಲು ಒಂದು ಗುರುತೂ ಉಳಿದಿರಲಿಲ್ಲ.

ಚಾಚಾನ ನಗು ನಿಧಾನಕ್ಕೆ ಹೋಯಿತು. ಗುರುತನ್ನು ಅವರು ಬಾಗಿಲಲ್ಲಿ ಕಾಣಲಿಲ್ಲ, ಮಾಮನ ಮುಖದಲ್ಲಿ ಕಂಡರು. ಆಮೇಲೆ ಕೇಳಿದರು: “ಕನ್ನಡೀಲಿ ನೋಡಿದ್ರಾ?”

“ನೋಡಿದೆ.”

“ನಾನು ಕೈ ಎತ್ತಿ ಕರೆದೆ. ಎಡಗೈ. ಕಂಡ್ತಾ?”

ಮಾಮ ನಮಗೆ ಯಾರಿಗೂ ಹೇಳದಿದ್ದ ಮಾತು ಅದು. ಅತ್ತೆಗೂ ಹೇಳಿರಲಿಲ್ಲ. “ಕಂಡ್ತು,” ಎಂದರು.

ಚಾಚಾ ಕಾರು ಹತ್ತಲಿಲ್ಲ. ಒಳಗಿದ್ದ ತಮ್ಮ ಕೈಚೀಲ ಕೇಳಿದರು, ನಾನು ಕೊಟ್ಟೆ. ನನ್ನ ಮುಖವನ್ನೂ ಒಮ್ಮೆ ನೋಡಿದರು. ಬಿಸಿಲಿನಲ್ಲಿ ಹರಿಹರದ ಕಡೆಗೆ ನಡೆಯತೊಡಗಿದರು. ಹಿಂದಿನಿಂದ ಒಂದು ಆಟೋ ಬಂತು, ಅವರು ಕೈ ಎತ್ತಿದರು, ಅದು ನಿಂತಿತು. ಮಾಮ ರಸ್ತೆಯ ಪಕ್ಕದಲ್ಲೇ ಕೂತರು, ಪ್ಯಾಂಟಿಗೆ ಮಣ್ಣಾಗುತ್ತದೆ ಎಂಬುದನ್ನೂ ನೋಡದೆ.

ಮಾರನೆಯ ದಿನ ಮಾಮ ಬಿಳಿ ಅಂಗಿ ಹಾಕಿಕೊಂಡು ಒಬ್ಬರೇ ಪೊಲೀಸ್ ಠಾಣೆಗೆ ಹೋಗಿ ಎಲ್ಲವನ್ನೂ ಹೇಳಿದರು. ಠಾಣೆಯವರು ಚಾಚಾನನ್ನು ಕರೆಸಿದರು. ಅಲ್ಲಿ ಚಾಚಾ ಏನು ಹೇಳಿದರೆಂದು ಮಾಮನೇ ಅತ್ತೆಗೆ ಹೇಳಿ, ಅತ್ತೆ ನನಗೆ ಹೇಳಿದರು. “ಕೇಸು ಬ್ಯಾಡ ಅಂದ್ರಂತೆ ಕಣವ್ವ. ಇವರು ನಮ್ಮ ಮನೆ ಕಡೆ ಬರಬಾರದು, ಅಷ್ಟೇ ಸಾಕು ಅಂದ್ರಂತೆ.” ಜೈಲಿಗೆ ಹಾಕಿಸಿದ್ದರೂ ಮಾಮನಿಗೆ ಅಷ್ಟು ನೋವಾಗುತ್ತಿರಲಿಲ್ಲ ಎಂದು ಅತ್ತೆ ಹೇಳಿದರು.

ಗೋಡೆಯ ಮೇಲಿನ ಪದಕ ಇಳಿಯಿತು. ಅದು ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ. ಮಾಮ ಕಾರು ಮಾರಲು ನಿಂತರು. ಶಾಮನೂರಿನಿಂದ ಇಬ್ಬರು ನೋಡಲು ಬಂದರು. ಸುತ್ತ ನೋಡಿ, ಮೈ ಮೇಲೆ ಒಂದು ಗೆರೆ ಇಲ್ಲವಲ್ಲ ಎಂದು ಖುಷಿಪಟ್ಟರು. ಮಾಮ ಕುರ್ಚಿಯಿಂದ ಎದ್ದು, “ಐತೆ. ಎಡಗಡೆ ಒಬ್ಬ ಮನುಷ್ಯನಿಗೆ ಹೊಡೆದೈತೆ. ನಾನೇ ಅಳಿಸೀನಿ,” ಎಂದರು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು. ಬಂದವರಿಗೆಲ್ಲ ಹೀಗೇ ಹೇಳಿದರು. ಅತ್ತೆ ತಡೆಯಲಿಲ್ಲ. ಕಾರು ಬಹಳ ಕಾಲ ಪೋರ್ಟಿಕೋದಲ್ಲೇ ನಿಂತಿತ್ತು, ಮೇಲೆ ಗಿರಣಿ ಬೂದಿ ಕೂತು ಕೂತು ಮರೂನ್ ಹೋಗಿ ಮಣ್ಣಿನ ಬಣ್ಣಕ್ಕೆ ಬಂದಿತ್ತು. ಒಂದು ದಿನ ನಾನು ಕಚೇರಿಯಿಂದ ಬಂದಾಗ ಅದು ಇರಲಿಲ್ಲ. ಯಾರು ಒಯ್ದರೋ.

ನನಗೆ ಹರಿಹರಕ್ಕೆ ವರ್ಗವಾಯಿತು. ಇಲ್ಲೇ ಮದುವೆಯಾಯಿತು, ಮನೆಯಾಯಿತು. ಚಾಚಾ ಮತ್ತು ಅವರ ಹೆಂಡತಿ ಮಾರುಕಟ್ಟೆಯ ತುದಿಯಲ್ಲಿ ಒಂದು ಸಣ್ಣ ಮಳಿಗೆ ಇಟ್ಟುಕೊಂಡು ಮಂಡಕ್ಕಿ, ಹುರಿಗಡಲೆ, ಖಾರ ಮಾರತೊಡಗಿದ್ದರು. ಮೊದಲ ಸಲ ಹೋದಾಗ ಚಾಚಾ ನನ್ನನ್ನು ಗುರುತು ಹಿಡಿದರು. ಏನೂ ಮಾತಾಡದೆ ಅಳೆದು ಕೊಟ್ಟರು. ಹೋಗುತ್ತ ಹೋಗುತ್ತ ನನ್ನೊಡನೆ ಮಾತು ಶುರುವಾಯಿತು. ಮಳೆ, ಬೆಲೆ, ಮೊಮ್ಮಕ್ಕಳು. ಮಾಮನ ಸುದ್ದಿ ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಮಾಮ ಫೋನು ಮಾಡಿದಾಗಲೆಲ್ಲ ಕೇಳುತ್ತಿದ್ದರು. ನನ್ನ ಆರೋಗ್ಯ, ಮನೆಯವರ ಆರೋಗ್ಯ ಎಲ್ಲ ಆದ ಮೇಲೆ, ಇಡುವ ಹೊತ್ತಿಗೆ, ದನಿ ತಗ್ಗಿಸಿ, “ಅವರು ಕಂಡ್ರಾ? ಕೈ ಹೆಂಗೈತಂತೆ?”

“ಚೆನ್ನಾಗಿದ್ದಾರೆ ಮಾಮ. ಎಡಗೈಯಲ್ಲೇ ಎಲ್ಲ ಮಾಡ್ತಾರೆ.”

“ನನ್ನ ಸುದ್ದಿ ಏನಾರ...”

“ಇಲ್ಲ ಮಾಮ.”

“ಹೂಂ. ಇರಲಿ ಬಿಡವ್ವ.”

ಹೋದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಒರಗಿದವರು ಹಾಗೇ ಹೋದರು. ನಾನು ಮಣ್ಣಿಗೆ ಹೋಗಿದ್ದೆ. ಹಳೆಯ ಬಸ್ ಡ್ರೈವರುಗಳು, ಕಂಡಕ್ಟರುಗಳು ಬಹಳ ಜನ ಬಂದಿದ್ದರು. ಬರಬೇಡ ಎಂದು ಬಾಗಿಲು ಹಾಕಿದ ಮನೆಗೆ ಈ ಸುದ್ದಿ ಮುಟ್ಟಿಸಬೇಕೆಂದು ಅತ್ತೆಗೂ ತೋಚಲಿಲ್ಲ, ನನಗೂ ತೋಚಲಿಲ್ಲ.

ಕೆಲವು ವಾರಗಳ ಮೇಲೆ ಮಂಡಕ್ಕಿಗೆ ಹೋದಾಗ ನಾನೇ ಹೇಳಿದೆ. “ಚಾಚಾ, ಡ್ರೈವರ್ ಮಾಮ ಹೋಗಿಬಿಟ್ರು.”

ಚಾಚಾ ಎಡಗೈಯಲ್ಲಿ ಪಡಿ ಹಿಡಿದು ಮಂಡಕ್ಕಿ ತುಂಬುತ್ತಿದ್ದರು. ಪಡಿ ಹಾಗೇ ಚೀಲದೊಳಗೆ ಉಳಿಯಿತು.

“ಯಾವಾಗ?”

ಹೇಳಿದೆ. ಅವರ ಹೆಂಡತಿ ಹಿಂದಿನಿಂದ ಮುಂದಕ್ಕೆ ಬಂದು ನಿಂತರು. ಚಾಚಾ ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

“ಹೇಳಿಕಳಿಸಬೇಕಾಗಿತ್ತಲ್ರಿ. ಮಣ್ಣಿಗೆ ಬರ್ತಿದ್ದೆ.”

“ನೀವು ಬರಬ್ಯಾಡ ಅಂದಿದ್ರಲ್ಲ, ಅದಕ್ಕೆ...” ಎಂದೆ.

“ಅವರು ನಮ್ಮನೀಗೆ ಬರಬ್ಯಾಡ ಅಂದಿದ್ದೆ,” ಎಂದರು ಚಾಚಾ. “ನಾನು ಅವರ ಮನೀಗೆ ಹೋಗಂಗಿಲ್ಲ ಅಂತ ಯಾವಾಗ ಅಂದೆ? ಸಿಟ್ಟು ಇಳೀಲಿ ಅಂತ ಇದ್ದೆ. ಹೋಗಾನ, ಹೋಗಾನ ಅಂತಾನೇ...” ಪಡಿ ಎತ್ತಿ ಸುರಿದರು, ಕಾಗದದ ಪೊಟ್ಟಣದ ಹೊರಗೆಲ್ಲ ಚೆಲ್ಲಿತು.

ಅವತ್ತೇ ಅತ್ತೆಗೆ ಫೋನು ಮಾಡಿ ಹೇಳಿದೆ. ಅತ್ತೆ, “ಅವರಿದ್ದಾಗ ಇದೊಂದು ಮಾತು ಕಿವಿಗೆ ಬಿದ್ದಿದ್ರೆ ಸಾಕಾಗಿತ್ತು ಕಣವ್ವ,” ಎಂದರು. ಅಳಲಿಲ್ಲ. ಅಡುಗೆಮನೆಯಲ್ಲಿ ಏನೋ ಒಲೆ ಮೇಲಿದೆ ಎಂದು ಫೋನಿಟ್ಟರು.

ಮೊನ್ನೆ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ನೆನೆಯುವಷ್ಟರಲ್ಲಿ ಬಿಸಿಲು ಗೇಟು ದಾಟಿ ಒಳಗೆ ಬಂದಿತ್ತು. ಮುಂದಿನ ಭಾನುವಾರ ಅತ್ತೆ ಹರಿಹರಕ್ಕೆ ಬರುತ್ತೇನೆಂದಿದ್ದಾರೆ. ಮೊಣಕಾಲು ಈಗ ಪೂರ್ತಿ ಸೋತಿದೆ, ಆದರೂ ಬರುತ್ತಾರಂತೆ. ಚಾಚಾನ ಮಳಿಗೆಗೆ ಕರೆದುಕೊಂಡು ಹೋಗು ಎಂದಿದ್ದಾರೆ. ಅಲ್ಲಿ ಇಬ್ಬರೂ ಏನು ಮಾತಾಡುತ್ತಾರೋ, ಮಾತಾಡುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ. ಮಾತಾಡಿದರೂ, ಕೇಳಬೇಕಾಗಿದ್ದ ಮಾಮ ಮಾತ್ರ ಅಲ್ಲಿ ಇರುವುದಿಲ್ಲ.